ಹೊಂದದ ದವಡೆ

ಲವಂಗದೆಣ್ಣೆಯ ಘಾಟು ಎಂದರೆ ಆ ಹುಡುಗಿಗೆ ಬಾಲ್ಯವೇ. ಅಪ್ಪ ಹಲ್ಲಿನ ಡಾಕ್ಟರು. ಸಂಜೆ ಅವರ ಅಂಗಿಯಿಂದ ಬರುತ್ತಿದ್ದ ಆ ಘಾಟಿನಲ್ಲೇ ಅವಳು ಮಗ್ಗಿ ಕಲಿತದ್ದು. ಊರವರ ಹಲ್ಲನ್ನೆಲ್ಲ ಸಾಲಿಗೆ ತಂದ ಅಪ್ಪನಿಗೆ ಮಗಳ ಉಬ್ಬುಹಲ್ಲು ನೋಡಲು ಮಾತ್ರ ಪುರುಸೊತ್ತಾಗಲಿಲ್ಲ.

ಈಗ ಅವಳು ವಸ್ತುಸಂಗ್ರಹಾಲಯದಲ್ಲಿ ಪ್ರಾಚೀನರ ಹಲ್ಲು ನೋಡುವ ಕೆಲಸಕ್ಕೆ ಸೇರಿದ್ದಳು. ಪ್ರದರ್ಶನ ಸುಸೂತ್ರವಾಗಿ ಮುಗಿದರೆ ಕೆಲಸ ಕಾಯಂ ಎಂದು ನಿರ್ದೇಶಕರು ಹೇಳಿದ್ದರು. ಪೂರ್ವಜರು ಗಟ್ಟಿ ಆಹಾರ ಜಗಿದು ದವಡೆ ಬೆಳೆಸಿಕೊಂಡರು, ಆದ್ದರಿಂದ ಅವರಲ್ಲಿ ಒಬ್ಬರಿಗೂ ಹಲ್ಲು ಡೊಂಕಿರಲಿಲ್ಲ ಎಂಬುದು ನಿರ್ದೇಶಕರ ಸಿದ್ಧಾಂತ. ಇದನ್ನವರು ಮೆತ್ತನೆಯ ಕೇಕು ತಿನ್ನುತ್ತ ವಿವರಿಸುತ್ತಿದ್ದರು.

ಗಾಜಿನೊಳಗಿನ ಬುರುಡೆಗಳೂ ಹೌದೆನ್ನುತ್ತಿದ್ದವು. ಅಗೆದಾಗ ಬುರುಡೆ, ಕೆಳದವಡೆಗಳು ಚೆಲ್ಲಾಪಿಲ್ಲಿಯಾಗಿ ಸಿಗುತ್ತವೆ. ಅವನ್ನು ಜೋಡಿಸಿ ಅಂಟಿಸುವವಳು ಅಂಟಕ್ಕ. ಹೆಸರು ಕೆಲಸದಿಂದ ಬಂದದ್ದು. ಮೇಲಿನ ಹಲ್ಲಿಗೆ ಕೆಳಗಿನದು ಸರಿಯಾಗಿ ಕೂತರೆ ಎರಡೂ ಒಬ್ಬನವು. ಕೂರದಿದ್ದರೆ ದವಡೆ ‘ಜೋಡಿಯಿಲ್ಲದವು’ ಎಂಬ ಪೆಟ್ಟಿಗೆಗೆ. ಹೀಗೆ ಡೊಂಕು ಹಲ್ಲಿನವರೆಲ್ಲ ಪೆಟ್ಟಿಗೆ ಸೇರಿ, ಪ್ರಾಚೀನ ಜಗತ್ತು ಬಲು ಚೊಕ್ಕವಾಗಿತ್ತು.

ಈ ಸಲ ಒಂದು ಬುರುಡೆ ಮಣ್ಣಿನ ಹೆಂಟೆಯೊಳಗೆ ದವಡೆ ಸಮೇತ ಬಂತು. ಹುಡುಗಿ ಕುಂಚದಿಂದ ಮಣ್ಣು ಬಿಡಿಸಿದಳು. ಮುಂದಿನ ಹಲ್ಲುಗಳು ಬಸ್ಸಿಗೆ ನುಗ್ಗುವವರ ಹಾಗೆ ಒಂದರ ಮೇಲೊಂದು ಬಿದ್ದಿದ್ದವು.

“ಈ ದವಡೆ ಇವನದಲ್ಲಮ್ಮ. ತೆಗೆದು ಬೇರೆ ಕೂರಿಸು,” ಎಂದರು ನಿರ್ದೇಶಕರು.

“ಕೀಲಲ್ಲೇ ಕೂತಿತ್ತಲ್ಲ ಸರ್.”

“ಹಲ್ಲು ಹೊಂದ್ತಿಲ್ವಲ್ಲ.”

“ನಂದೂ ಹೊಂದಲ್ಲ ಸರ್. ಹಾಗಂತ ನನ್ನ ದವಡೆ ಪಕ್ಕದ ಮನೆಯವರದಾ?”

ಅಂಟಕ್ಕ ನಗಲಿಲ್ಲ. “ಇಷ್ಟು ವರ್ಷ ನಾನು ಜೋಡಿಸಿದ್ದೆಲ್ಲ ತಪ್ಪು ಅಂತೀಯೇನೇ?”

“ಎಲ್ಲ ಅಲ್ಲಕ್ಕ. ಎಷ್ಟು ಅಂತ ಗೊತ್ತಿಲ್ಲ, ಅಷ್ಟೇ.”

ಅಂಟಕ್ಕ ಅಂಟಿನ ಟ್ಯೂಬಿಗೆ ಮುಚ್ಚಳ ತಿರುಗಿಸಿ ಹೊರಗೆ ಹೋದಳು.

“ಸುಮ್ನೆ ಬೇರೆ ದವಡೆ ಇಡು,” ನಿರ್ದೇಶಕರು ದನಿ ತಗ್ಗಿಸಿದರು. “ಪ್ರದರ್ಶನ ಮುಗೀತಿದ್ದ ಹಾಗೆ ಕಾಯಂ ಆರ್ಡರ್ ಕೊಡ್ತೀನಿ. ಸತ್ತವನೇನು ಬಂದು ಕೇಳ್ತಾನಾ?”

ಸತ್ತವನು ಕೇಳಲಿಲ್ಲ. ಹುಡುಗಿಯೇ ಬುರುಡೆಯನ್ನು ಇದ್ದ ಹಾಗೆ ಗಾಜಿನೊಳಗಿಟ್ಟು, ‘ಇವನ ಹಲ್ಲು ಡೊಂಕಿತ್ತು’ ಎಂಬ ಫಲಕ ಹಚ್ಚಿದಳು. ಉದ್ಘಾಟನೆಗೆ ಬಂದ ಜನ ಮುತ್ತಿನ ಸಾಲುಗಳನ್ನೆಲ್ಲ ದಾಟಿ ಅಲ್ಲೇ ಮುತ್ತಿಕೊಂಡರು. “ಥೇಟ್ ನಮ್ಮ ಮಾವನೇ ಕಣೇ,” ಎಂದು ಒಬ್ಬಾಕೆ ಗೆಳತಿಗೆ, ಪಕ್ಕದ ಗಂಡನಿಗೂ ಕೇಳುವಷ್ಟೇ ಮೆಲ್ಲಗೆ ಹೇಳಿದಳು.

ಸಂಶೋಧನೆಗೆ ತಕ್ಕ ಮನ್ನಣೆ ತಡವಾಗಲಿಲ್ಲ. ಮರುದಿನ ಹುಡುಗಿಯನ್ನು ಟಿಕೆಟ್ ಕೊಡಲು ಕೂರಿಸಿದರು. ಕಾಯಂ ಮಾತು ಮತ್ತೆ ಬರಲಿಲ್ಲ.

ಮಧ್ಯಾಹ್ನ ಕಿಂಡಿಯಾಚೆ ಅಂಟಕ್ಕ ಕಾಣಿಸಿದಳು. ಕಣ್ಣು ಕೆಂಪಗಿತ್ತು.

“ನಿನ್ನೆಯಿಂದ ಹಳೇ ಜೋಡಿಗಳನ್ನ ಬಿಚ್ಚಿ ನೋಡೋಕೆ ಶುರು ಮಾಡಿದೀನಿ,” ಎಂದಳು. “ಮೊದಲನೇದೇ ತಪ್ಪು. ದವಡೆ ಕೀಲಿಗೇ ಕೂರ್ತಿಲ್ಲ.”

ಅಂಟಕ್ಕ ಊಟದ ಡಬ್ಬಿಯನ್ನು ಕಿಂಡಿಯೊಳಗೆ ತಳ್ಳಿದಳು. ಅದು ತೂರಲಿಲ್ಲ. ಅಂಟಕ್ಕ ಕಟ್ಟಡ ಸುತ್ತಿಕೊಂಡು ಹಿಂಬಾಗಿಲಿಂದ ಬಂದು, ಹುಡುಗಿಯ ಕೈಗಿಟ್ಟಳು.