ಬೆನ್ನ ಮೇಲಿನ ಗುರುತು

ನನ್ನ ಮಗಳು ಪಾರ್ಲರಿನಲ್ಲಿ ತಲೆಗೂದಲಿಗೆ ಬಣ್ಣ ಹಚ್ಚುವವಳು. ಕಪ್ಪಿದ್ದವರಿಗೆ ಕಂದು ಬೇಕು, ಬಿಳಿಯಿದ್ದವರಿಗೆ ಕಪ್ಪು ಬೇಕು. ಒಟ್ಟಿನಲ್ಲಿ ಯಾರಿಗೂ ಇದ್ದದ್ದು ಬೇಡ. ಅವಳಿಗೋ ಆ ಕೆಲಸವೆಂದರೆ ಪ್ರಾಣ.

ಈಚೆಗೆ ಅವಳ ಕೈಗಳು ಕೆಂಪಾಗಿ, ತುರಿಸಿ, ಸಿಪ್ಪೆ ಏಳತೊಡಗಿದವು. ಚರ್ಮದ ಡಾಕ್ಟರಮ್ಮ ನೋಡಿ, "ಬಣ್ಣ ಒಗ್ಗದೇ ಇರಬಹುದು, ಇಲ್ಲಾ ರಬ್ಬರ್ ಗ್ಲೌಸ್ ಒಗ್ಗದೇ ಇರಬಹುದು. ಪರೀಕ್ಷೆ ಮಾಡೇಬಿಡೋಣ" ಎಂದರು. ಗ್ಲೌಸಾದರೆ ಬದಲಿಸಬಹುದು. ಬಣ್ಣವಾದರೆ ಕೆಲಸವನ್ನೇ ಬಿಡಬೇಕು.

ಪರೀಕ್ಷೆಯಲ್ಲಿ ಸೂಜಿಯಿಲ್ಲ, ರಕ್ತವಿಲ್ಲ. ಒಂದೊಂದು ರಾಸಾಯನಿಕವನ್ನು ಚೂರೇ ಚೂರು ಪಟ್ಟಿಗೆ ಹಚ್ಚಿ ಬೆನ್ನಿಗೆ ಅಂಟಿಸುವುದು, ಅಷ್ಟೇ. ಯಾವುದು ಒಗ್ಗುವುದಿಲ್ಲವೋ ಅದರ ಮೇಲೆ ಚರ್ಮವೇ ಕೆಂಪಾಗಿ ಚಾಡಿ ಹೇಳುತ್ತದೆ. ನಾನು ಮಗಳ ಜಡೆ ಎತ್ತಿ ಹಿಡಿದು ನಿಂತಿದ್ದೆ. ಅವಳ ಬಲಭುಜದ ಕೆಳಗೆ ಎಳ್ಳಿನಷ್ಟು ಮಚ್ಚೆ. ಹಸುಗೂಸಿನ ಬೆನ್ನು ತಟ್ಟಿ ಮಲಗಿಸುವಾಗಿನಿಂದ ನನ್ನ ಬೆರಳಿಗೆ ಪರಿಚಯ. ಡಾಕ್ಟರಮ್ಮ ಅದನ್ನು ತಪ್ಪಿಸಿ, ಬಣ್ಣದ ಪಟ್ಟಿಯನ್ನು ಮೇಲ್ಬದಿಗೆ, ರಬ್ಬರಿನದನ್ನು ಕೆಳಬದಿಗೆ ಅಂಟಿಸಿದರು.

ಎರಡು ದಿನ ಬಿಟ್ಟು ಪಟ್ಟಿ ಕಿತ್ತು, ಒಂದೊಂದು ಜಾಗಕ್ಕೂ ಪೆನ್ನಿನಲ್ಲಿ ಗುರುತು ಹಾಕಿದರು. "ಪೂರ್ತಿ ಗೊತ್ತಾಗೋಕೆ ಇನ್ನೆರಡು ದಿನ ಬೇಕು. ಬೆನ್ನಿಗೆ ನೀರು ಸೋಕಿಸ್ಬೇಡಿ, ಗುರುತು ಅಳಿಸ್ಬೇಡಿ."

ಮಾರನೆಯ ದಿನ ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ನಮ್ಮತ್ತೆ ಅನಾಹುತ ಮಾಡಿ ಮುಗಿಸಿದ್ದರು. ಮಗಳು ಬೋರಲು ಮಲಗಿ ಗಾಢ ನಿದ್ದೆಯಲ್ಲಿದ್ದಳು. ಪಕ್ಕದಲ್ಲಿ ಒದ್ದೆ ಬಟ್ಟೆ, ಎಣ್ಣೆ ಬಟ್ಟಲು. ಬೆನ್ನು ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ.

"ಅಯ್ಯೋ, ಏನತ್ತೆ ಇದು!"

"ಯಾರೋ ಗೀಚಿಬಿಟ್ಟಿದ್ರು ಕಣೇ. ಮಗು ಬೆನ್ನೇನು ಸ್ಲೇಟಾ?"

ಎಚ್ಚರವಾದ ಮಗಳು ತಲೆ ಮೇಲೆ ಕೈ ಹೊತ್ತು ಕೂತಳು. "ಎಲ್ಲರ ಹಣೆಬರಹ ಹಣೇಲಿದ್ರೆ ನಂದು ಬೆನ್ನಲ್ಲಿತ್ತು. ಅದನ್ನೂ ಒರೆಸಿಬಿಟ್ಯಲ್ಲ ಅಜ್ಜಿ!"

ಅತ್ತೆ ಆ ಹೊತ್ತು ಊಟಕ್ಕೂ ಏಳಲಿಲ್ಲ.

ಕೊನೆಯ ದಿನ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಒಂದು ಕಡೆ ಚೆನ್ನಾಗೇ ಕೆಂಪೆದ್ದಿದೆ. ಆದ್ರೆ ಯಾವುದರದ್ದು ಅಂತ ಹೇಗೆ ಹೇಳ್ಲಿ? ಮೊದಲಿಂದ ಮಾಡ್ಬೇಕೇನೋ."

ನಾನು ಮಗಳ ಜಡೆಯನ್ನು ಮತ್ತೆ ಎತ್ತಿ ಹಿಡಿದೆ.

"ಡಾಕ್ಟ್ರೇ, ಮಚ್ಚೆ ನೋಡಿ" ಎಂದೆ. "ಅದನ್ನ ತಪ್ಪಿಸಿ ತಾನೇ ನೀವು ಅಂಟಿಸಿದ್ದು? ಬಣ್ಣ ಮೇಲ್ಗಡೆ, ರಬ್ಬರ್ ಕೆಳಗಡೆ."

ಅವರು ಬಗ್ಗಿ ನೋಡಿದರು. ಕೆಂಪು ಮಚ್ಚೆಯ ಕೆಳಗಿತ್ತು.

"ಹೌದಲ್ಲಾ! ನನಗೂ ಈಗ ನೆನಪಾಯ್ತು. ರಬ್ಬರೇ ಕಣಮ್ಮ. ರಬ್ಬರ್ ಇಲ್ಲದ ಗ್ಲೌಸ್ ಹಾಕ್ಕೊಂಡು ಆರಾಮಾಗಿ ಬಣ್ಣ ಹಚ್ಚು."

ಮನೆಗೆ ಬಂದು ಹೇಳಿದ್ದೇ ತಡ, ಅತ್ತೆ ತುರುಬು ಬಿಚ್ಚಿದರು. "ಹಾಗಾದ್ರೆ ನನ್ನ ತಲೆಗೂ ಹಚ್ಚೇ."

ಮಗಳು ಅಜ್ಜಿಯ ಕಿವಿಯ ಹಿಂದೆ ಬಣ್ಣದ ಒಂದು ಬೊಟ್ಟಿಟ್ಟಳು. "ಮೊದಲು ನಿಂಗೂ ಪರೀಕ್ಷೆ. ಎರಡು ದಿನ ಒರೆಸೋ ಹಾಗಿಲ್ಲ."

ಅತ್ತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತರು. ನನ್ನತ್ತ ತಿರುಗಿ, "ಆ ಒದ್ದೆ ಬಟ್ಟೆ ಎಲ್ಲಾದ್ರೂ ಬಚ್ಚಿಡೇ" ಎಂದರು.