ಹಿಂದೆ ತಿರುಗದ ಅಜ್ಜಿ

ಐದು ನಿಮಿಷ ಬಾಯಿ ಮುಚ್ಚಿಕೊಂಡು ಕೂರುವುದು ಅಜ್ಜಿಯ ಜಾಯಮಾನದಲ್ಲೇ ಇರಲಿಲ್ಲ. ಹೊಲಿಗೆ ಅಂಗಡಿಗೆ ಬಂದವರು ಉಸಿರೆಳೆದುಕೊಳ್ಳುವಷ್ಟರಲ್ಲಿ "ತೋಳು ಸ್ವಲ್ಪ ಸಡಿಲ ಬೇಕು, ಅಲ್ವಾ?" ಎಂದು ಅವರ ಮಾತನ್ನು ತಾನೇ ಮುಗಿಸುವವಳು. ಅಂಥವಳಿಗೆ ಈ ಆಟದಲ್ಲಿ ಎರಡು ಕಟ್ಟಪ್ಪಣೆ: ಮಾತಾಡುವಂತಿಲ್ಲ, ಹಿಂದೆ ತಿರುಗುವಂತಿಲ್ಲ!

ಎದುರಿಗೆ ಗಾಲಿಕುರ್ಚಿಯಲ್ಲಿ ಹನ್ನೊಂದು ವರ್ಷದ ಮೊಮ್ಮಗಳು. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಅವಳ ಮಾತು ಕೇಳುವುದಿಲ್ಲ. ಬಾಯಿಂದ ಮಾತೂ ತಡೆತಡೆದೇ ಬರುತ್ತದೆ. ಮನೆಯಲ್ಲಿ ಅವಳ ಹೆಸರು ಮಾತ್ರ ಚಿನಕುರುಳಿ. ಅವಳು ಆಡುವುದು ಬೊಚ್ಚಾ. ಬಿಳಿ ಚೆಂಡಿಗೆ ಯಾರ ಚೆಂಡು ಹತ್ತಿರವೋ ಅವರಿಗೆ ಅಂಕ. ಚೆಂಡು ಉರುಳಿಸುವ ಇಳಿಜಾರು ಹಲಗೆಯನ್ನು ಅವಳು ಹೇಳಿದತ್ತ ತಿರುಗಿಸುವುದು ಅಜ್ಜಿಯ ಕೆಲಸ. ಹಣೆಗೆ ಕಟ್ಟಿದ ಕೋಲಿನಿಂದ ಚೆಂಡು ಬಿಡುವುದು ಅವಳದು. ಸಹಾಯಕರು ಕಣ್ಣಿಟ್ಟು ನೋಡಿ ಸುಳಿವು ಕೊಡಬಾರದಲ್ಲ, ಅದಕ್ಕೇ ಅಜ್ಜಿಯ ಬೆನ್ನು ಆಟದ ಕಡೆಗೆ. ಮುಖಾಮುಖಿ ಕೂತಾಗ ಎಡಬಲ ಅದಲುಬದಲಾಗಿ ಜಗಳವಾಗುತ್ತಿದ್ದರಿಂದ, ಅವರಿಬ್ಬರ ಭಾಷೆಯಲ್ಲಿ ಇರುವುದು ಹಾಲ್‌ನ ಒಂದು ಪಕ್ಕದ 'ಕಿಟಕಿ' ಮತ್ತು ಇನ್ನೊಂದು ಪಕ್ಕದ 'ಬಾಗಿಲು' ಅಷ್ಟೇ.

ಹೋದ ವರ್ಷದ ಫೈನಲ್‌ನಲ್ಲಿ ಅಜ್ಜಿ ತಡೆಯಲಾರದೆ ಒಂದೇ ಒಂದು ಸಲ ಕತ್ತು ಹೊರಳಿಸಿದ್ದಳು. ರೆಫರಿ ಎದುರಾಳಿಗೆ ಒಂದು ಚೆಂಡು ಹೆಚ್ಚಿಗೆ ಕೊಟ್ಟರು. ಕಪ್ ಕೈತಪ್ಪಿತು.

"ಇನ್... ನೊಂದ್ಸಲ ತಿರುಗಿದ್ರೆ," ಎಂದಿದ್ದಳು ಚಿನಕುರುಳಿ ಮನೆಗೆ ಹೋಗುವ ದಾರಿಯಲ್ಲಿ, "ನಿನ್... ಬದ್ಲು ಬೇರೆಯವ್ರು."

"ಅಯ್ಯೋ, ನನ್ನನ್ನೇ ಕೆಲಸದಿಂದ ತೆಗೀತೀಯೇನೇ?"

"ಹೂಂ."

ಈಗ ಮತ್ತೆ ಅದೇ ಫೈನಲ್. ಅಂಕ ಸಮಸಮ. ಎದುರಾಳಿ ಹುಡುಗನ ನೀಲಿ ಚೆಂಡುಗಳೆಲ್ಲ ಖಾಲಿ. ಚಿನಕುರುಳಿಯ ಬಳಿ ಉಳಿದಿರುವುದು ಒಂದೇ ಕೆಂಪು ಚೆಂಡು.

"ನೀಲಿ ಬಿಳಿಗೆ ಅಂಟ್ಕೊಂಡ್ಬಿಟ್ಟಿದೆ ಕಣ್ರೀ. ಮುಗೀತು ಕಥೆ," ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಪಿಸುಗುಟ್ಟಿದರು.

ಹಿಂದೆ ತಿರುಗಲು ಅಜ್ಜಿಯ ಕತ್ತು ತುರಿಸಿತು. ಹಲ್ಲು ಕಚ್ಚಿದಳು.

"ಬಾ..." ಎಂದಳು ಚಿನಕುರುಳಿ.

ಬಾಗಿಲೇ? ಇಲ್ಲಿಯವರೆಗೆ ಎಲ್ಲ ಚೆಂಡೂ ಕಿಟಕಿ ಕಡೆಗೇ ಹೋಗಿದ್ದವು. ಒಂದು ಮಾತ್ರ ದಾರಿ ತಪ್ಪಿದಾಗ ಹುಡುಗಿ ನಿಟ್ಟುಸಿರು ಬಿಟ್ಟಿದ್ದಳು. ಬಿಳಿ ಚೆಂಡು ಇರುವುದೇ ಕಿಟಕಿ ಕಡೆ! ಮಗು ಗಾಬರಿಯಲ್ಲಿ ತಪ್ಪು ಹೇಳುತ್ತಿದೆಯಾ? ತಾನೇ ಒಂಚೂರು ಕಿಟಕಿ ಕಡೆ ಸರಿಸಿಬಿಡಲಾ? ಬೆರಳು ಹಲಗೆಯ ಅಂಚಿಗೆ ಹೋಯಿತು.

"...ಗಿಲು."

ಗಡಿಯಾರದಲ್ಲಿ ಉಳಿದಿದ್ದದ್ದು ಇಪ್ಪತ್ತು ಸೆಕೆಂಡು. ಅಜ್ಜಿ ಮೊಮ್ಮಗಳ ಕಣ್ಣು ನೋಡಿದಳು. ಅಲ್ಲಿ ಗಾಬರಿ ಎಳ್ಳಷ್ಟೂ ಇರಲಿಲ್ಲ. ಏನೋ ಕಿತಾಪತಿ ಮಾಡುವ ಮುಂಚಿನ ಹೊಳಪಿತ್ತು. ಹಲಗೆಯನ್ನು ಬಾಗಿಲ ಕಡೆ ತಿರುಗಿಸಿದಳು.

"ಇ... ನ್ನೂ."

ತಿರುಗಿಸಿದಳು.

"ಸಾ... ಕು."

ಎಂಟು ಸೆಕೆಂಡು. ಚೆಂಡನ್ನು ಹಲಗೆಯ ಮೇಲ್ತುದಿಗಿಟ್ಟು ಕೈ ತೆಗೆದಳು. ಕೋಲು ನಡುಗುತ್ತಾ ಮುಂದೆ ಬಂತು, ತಾಗಿತು. ಚೆಂಡು ಅಜ್ಜಿಯ ಮೊಣಕೈ ಪಕ್ಕದಲ್ಲೇ ಉರುಳಿಹೋಯಿತು.

ಟಪ್.

ಒಂದು ಕ್ಷಣ ಬಿಟ್ಟು ಇನ್ನೊಂದು, ಮೆಲ್ಲಗೆ. ಟಪ್.

ರೆಫರಿಯ ಬೂಟಿನ ಸದ್ದು, ಅಳತೆಪಟ್ಟಿ ಎಳೆಯುವ ಸದ್ದು. ಅಜ್ಜಿ ಕಲ್ಲಿನ ಹಾಗೆ ಕೂತಿದ್ದಳು, ಕಣ್ಣಷ್ಟೇ ಮೊಮ್ಮಗಳ ಮುಖದ ಮೇಲೆ. ಆ ಮುಖ ಮೊದಲು ಬಿಗಿಯಿತು, ಆಮೇಲೆ ಅರಳಿತು, ಅರಳಿ ಕಿವಿಯಿಂದ ಕಿವಿಗೆ ಹರಡಿತು. ಎರಡೂ ಕೈ ತಮ್ಮಷ್ಟಕ್ಕೆ ತಾವೇ ಮೇಲೆ ಹಾರಿದವು. ಹಲಗೆ ದಡಾರನೆ ಉರುಳಿಬಿತ್ತು.

"ಕೆಂಪು! ಒಂದು ಅಂಕ!"

ಹಾಲ್ ಹಾರಿಹೋಗುವ ಹಾಗೆ ಚಪ್ಪಾಳೆ. ಕೋಚ್ ಓಡಿಬಂದರು. "ಅಜ್ಜೀ, ಬಾಗಿಲ ಕಡೆಗೆ ದಾರಿ ತಪ್ಪಿತ್ತಲ್ಲ ಆ ಕೆಂಪು, ಅದಕ್ಕೇ ಗುರಿಯಿಟ್ಟು ಹೊಡೆದ್ಲು! ಅದು ಹೋಗಿ ಬಿಳೀನ ನೀಲಿಯಿಂದ ಬಿಡಿಸಿ, ತಾನೇ ಪಕ್ಕದಲ್ಲಿ ಕೂತ್ಕೊಳ್ತು! ನಂಗೇ ಹೊಳೆದಿರ್ಲಿಲ್ಲ ರೀ!"

ರೆಫರಿ ನಗುತ್ತಾ ಅಂದರು, "ಇನ್ನು ತಿರುಗಬಹುದು, ಅಜ್ಜಿ."

ಅಜ್ಜಿ ತಿರುಗಲಿಲ್ಲ.

"ಅಜ್ಜಿ, ನೋ... ಡು!"

"ನೋಡ್ತಾನೇ ಇದೀನಲ್ಲೇ, ನನ್ನ ಬಂಗಾರ."

"ನನ್... ನನ್ನಲ್ಲ!" ಚಿನಕುರುಳಿ ಸಿಡಿದಳು. "ಚೆಂ... ಡು!"