ಮೆಟ್ಟಿಲು ಉಜ್ಜಿದ ಜಾಕಿ

ನಮ್ಮ ಇಂಗ್ಲೆಂಡಿನ ಸಿನಿಮಾ ಉದ್ಧಾರವಾಗಲೆಂದು ಲಂಡನ್ನಿನ ದೊಡ್ಡವರು ಆಗ ಒಂದು ಕಾನೂನು ಮಾಡಿದ್ದರು. ಪ್ರತಿ ಚಿತ್ರಮಂದಿರವೂ ವರ್ಷಕ್ಕೆ ಇಂತಿಷ್ಟು ಬ್ರಿಟಿಷ್ ಚಿತ್ರ ತೋರಿಸಲೇಬೇಕು. ಯಾರಿಗೆ ತೋರಿಸಬೇಕೆಂದು ಬರೆಯಲು ಮಾತ್ರ ಮರೆತಿದ್ದರು. ನಮ್ಮ ಮ್ಯಾನೇಜರ್ ಕ್ರಚ್ಲಿ ಸಾಹೇಬರು ಕಾನೂನಿಗೆ ಬಹಳ ಹೆದರುವ ಮನುಷ್ಯ. ಸಂಜೆ ಅಮೆರಿಕದ ಚಿತ್ರ ಹಾಕಿ ಜನ ತುಂಬಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ, ಗುಡಿಸಿ ಒರೆಸುವ ನಾವು ಐದು ಹೆಂಗಸರು ಕುರ್ಚಿಗಳ ನಡುವೆ ಬಗ್ಗಿರುವಾಗ, ನಮ್ಮ ಬೆನ್ನುಗಳಿಗೆ ಬ್ರಿಟಿಷ್ ಚಿತ್ರ ತೋರಿಸಿ ಕಾನೂನು ಪಾಲಿಸುತ್ತಿದ್ದರು.

ಇಂಥ ಚಿತ್ರ ಮಾಡುವವರಿಗೆ ರೀಲಿನ ಉದ್ದ ಅಳೆದು ಅಡಿಗೆ ಒಂದು ಪೌಂಡ್ ಲೆಕ್ಕ. ಹಾಗಾಗಿ ಅವುಗಳಲ್ಲಿ ಯಾರಿಗೂ ಅವಸರವೇ ಇರುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದರೂ ಕೋಟಿನ ಎಂಟು ಗುಂಡಿ ಹಾಕಿಕೊಂಡೇ ಓಡುತ್ತಿದ್ದರು.

ಆ ವರ್ಷ ಬಂದದ್ದು ಕುದುರೆ ರೇಸಿನ ಹಾಸ್ಯಚಿತ್ರ, ‘ಬಾಲದಷ್ಟು ಅಂತರ’. ಅದರಲ್ಲಿ ರೇಸಿನ ಕುದುರೆ ಓಡಿಸುವ ಜಾಕಿಯ ಪಾತ್ರ ನಮ್ಮ ಐವರಲ್ಲೊಬ್ಬಳಾದ ಎಥೆಲಳ ಗಂಡ ಪರ್ಸಿಯದು. ಹದಿನೈದು ವರ್ಷ ನಾಟಕಶಾಲೆಗಳಲ್ಲಿ ಜಾರಿ ಬಿದ್ದು ಜನರನ್ನು ನಗಿಸಿದವನು. ಇವನು ಜಾಕಿಯಾಗಲೇ ಎಂದು ಕುದುರೆಯನ್ನು ಕೇಳಿದ್ದರೆ ಬೇಡವೆನ್ನುತ್ತಿತ್ತು, ಅಷ್ಟು ತೂಕ. ಒಂಬತ್ತೇ ದಿನದಲ್ಲಿ ಶೂಟಿಂಗ್ ಮುಗಿದಿತ್ತು. ಇದ್ದದ್ದು ಹಾಲಿನ ಗಾಡಿಯ ಒಂದೇ ಕುದುರೆ. ಹಣೆಗೆ ಸುಣ್ಣ ಬಳಿದರೆ ನಾಯಕನದು, ತೊಳೆದರೆ ಖಳನದು.

ಮೊದಲ ದಿನ ಬೆಳಿಗ್ಗೆ ಎಥೆಲ್ ನಮ್ಮನ್ನೆಲ್ಲ ಸುತ್ತ ಸೇರಿಸಿದಳು. ಅವಳ ಮೊಣಕಾಲುಗಳು ಆಗಲೇ ಊದಿ ಸೋರೆಕಾಯಿಯಂತಾಗಿದ್ದವು.

“ಸಂಜೆ ಆಟಕ್ಕೆ ಹಾಕಿದ್ರೆ ಕಂಪನಿಯವ್ರು ಪರ್ಸಿಗೆ ಇನ್ನೊಂದು ಪಿಕ್ಚರ್ ಕೊಡ್ತಾರಂತೆ ಅಕ್ಕಾ,” ಎಂದಳು ನನಗೆ. “ಆಮೇಲೆ ಈ ಬಕೆಟ್ಟಿಗೊಂದು ದೊಡ್ಡ ನಮಸ್ಕಾರ. ಮ್ಯಾನೇಜರು ಬಾಗಿಲಾಚೆಯಿಂದ ಕೇಳಿಸ್ಕೊತಿರ್ತಾರೆ. ನಗ್ರೇ, ನಿಮ್ಮ ದಮ್ಮಯ್ಯ.”

“ಯಾವಾಗ ನಗ್ಬೇಕು?” ಎಂದಳು ಬೀಟ್ರಿಸ್. ಕೆಲಸ ಹೇಳಿದರೆ ಸರಿಯಾಗಿ ಕೇಳಿಕೊಂಡು ಮಾಡುವವಳು.

“ಅವ್ನು ಬಿದ್ದಾಗಲೆಲ್ಲ.”

ಪರ್ಸಿ ಬಿದ್ದ. ಡಾಕ್ಟರು ಬಾಯಿ ತೆರೆ ಎಂದಾಗ ಬರುವಂಥ ದನಿಯಲ್ಲಿ ನಾವೆಲ್ಲ ಹಾ ಹಾ ಎಂದೆವು. ಕ್ರಚ್ಲಿ ಸಾಹೇಬರು ಬಾಗಿಲಲ್ಲಿ ತಲೆ ಹಾಕಿ, “ಯಾರಿಗಾದ್ರೂ ಮೈ ಸರಿಯಿಲ್ವೇನ್ರಮ್ಮಾ?” ಎಂದು ಕೇಳಿ ಹೋದರು.

ರೇಸು ಶುರುವಾಯಿತು. ದೂರದ ನೋಟಕ್ಕೆ ಯಾವುದೋ ಹಳೆಯ ಸುದ್ದಿಚಿತ್ರದ ರೇಸು ಅಂಟಿಸಿದ್ದರು, ಅಲ್ಲಿ ಜಡಿಮಳೆ. ಹತ್ತಿರದ ನೋಟಕ್ಕೆ ಪೀಪಾಯಿಯ ಮೇಲೆ ಕುಣಿಯುವ ಪರ್ಸಿ, ಅಲ್ಲಿ ಎಳೆಬಿಸಿಲು. ಪರ್ಸಿ ಮತ್ತೆ ಬಿದ್ದ. ಬೀಟ್ರಿಸ್ ಒಬ್ಬಳೇ ನಿಯತ್ತಾಗಿ ನಕ್ಕಳು. ಎಥೆಲ್ ಒದ್ದೆ ಬಟ್ಟೆ ಹಿಂಡುತ್ತ ತಲೆ ತಗ್ಗಿಸಿದಳು.

ಆಮೇಲೆ ಬಂತು ಕರುಳು ಹಿಂಡುವ ಭಾಗ. ಖಳ ಕುದುರೆಯನ್ನು ಕದ್ದು ಲಾಯಕ್ಕೆ ಬೀಗ ಹಾಕಿದ್ದಾನೆ. ಬೀಗದ ಕೈ ಮಹಡಿಯ ಮೇಲೆ ಅವನ ಮೇಜಿನಲ್ಲಿದೆ. ಜಾಕಿ ಕೆಲಸದವಳ ವೇಷ ಹಾಕಿ ಬಕೆಟ್ ಹಿಡಿದು ಬರುತ್ತಾನೆ. ಪಿಟೀಲು ಅಳುತ್ತದೆ. ಕೆಳಗಿನ ಮೆಟ್ಟಿಲಿಗೆ ಮಂಡಿಯೂರಿ, ಉಜ್ಜಿ, ಒರೆಸಿ, ಎರಡನೆಯದಕ್ಕೆ ಏರುತ್ತಾನೆ. ಆಮೇಲೆ ಮೂರನೆಯದಕ್ಕೆ.

ಬೀಟ್ರಿಸಳ ಪೊರಕೆ ನಿಂತಿತು. “ಅಯ್ಯಯ್ಯೋ, ಕೆಳಗಿಂದ ಶುರು ಮಾಡ್ದ!”

“ಮಹರಾಯ, ಹಿಂದೆ ತಿರುಗಿ ನೋಡೋ!” ಎಂದು ನಾನೇ ಕೂಗಿದೆ. “ಮೇಲಿನ ಕೊಳೆನೀರೆಲ್ಲ ಉಜ್ಜಿದ್ದರ ಮೇಲೇ ಇಳೀತಿದೆ!”

ಪರ್ಸಿ ತಿರುಗಲಿಲ್ಲ. ಬಕೆಟ್ಟನ್ನು ಇನ್ನೂ ಮೇಲಿನ ಮೆಟ್ಟಿಲಿಗಿಟ್ಟ. ಖಳ ಇಣುಕಿ ನೋಡಿ, ಏನೂ ಅನುಮಾನ ಬಾರದೆ ಒಳಗೆ ಹೋದ.

“ಆ ಖಳನಿಗೇನು ಗೊತ್ತು! ಅವ್ನು ಯಾವತ್ತಾದ್ರೂ ಬಕೆಟ್ ಮುಟ್ಟಿದ್ನಾ?” ಎಂದಳು ಬೀಟ್ರಿಸ್.

ಅಡಿಗೊಂದು ಪೌಂಡ್ ಅಲ್ಲವೇ, ಇಪ್ಪತ್ತೆರಡು ಮೆಟ್ಟಿಲನ್ನೂ ಉಜ್ಜಿಸಿದ್ದರು. ನಾವು ಕೂರಬಾರದ ಕೆಂಪು ಮಖಮಲ್ ಕುರ್ಚಿಗಳಲ್ಲಿ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಸೆರಗಿಲ್ಲದ ತಪ್ಪಿಗೆ ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ಎಥೆಲ್. ಹತ್ತನೇ ಮೆಟ್ಟಿಲಿಗೆ ಥಟ್ಟನೆ ನಿಲ್ಲಿಸಿದಳು.

“ಶನಿವಾರ ಶನಿವಾರ ನಮ್ಮ ವಠಾರದ ಮೆಟ್ಲು ಉಜ್ತೀನಿ ಅಕ್ಕಾ. ನನ್ನ ದಾಟ್ಕೊಂಡೇ ಹೋಗ್ತಾನೆ. ಒಂದು ದಿನಾನಾದ್ರೂ ನೋಡಿದ್ದಾನಾ ಇವ್ನು?”

ಅಷ್ಟರಲ್ಲಿ ಕ್ರಚ್ಲಿ ಸಾಹೇಬರು ಓಡಿ ಬಂದರು. ಹೆಂಗಸರು ಮಖಮಲ್ಲಿನ ಮೇಲೆ ಹೊರಳಾಡುವುದನ್ನು ಕಂಡು, “ಒಳ್ಳೇ ಚಿತ್ರ ಅಂತ ನಾನು ಮೊದ್ಲೇ ಹೇಳಿದ್ದೆ,” ಎಂದರು. ಯಾರಿಗೆ ಹೇಳಿದ್ದರೋ. ಗುರುವಾರ ಸಂಜೆಯ ಆಟಕ್ಕೆ ಹಾಕಿಸಿದರು.

ಗುರುವಾರ ಕೆಳಗೆ ಕೂತಿದ್ದವರು ಬಕೆಟ್ಟನ್ನು ಚಿತ್ರದಲ್ಲಷ್ಟೇ ಕಂಡ ಜನ. ಪರ್ಸಿ ಬಿದ್ದಾಗ ಗಡಿಯಾರ ನೋಡಿಕೊಂಡರು. ಮೆಟ್ಟಿಲಿನ ಭಾಗಕ್ಕೆ ಒಬ್ಬ ಮುದುಕಿ ಕರವಸ್ತ್ರ ತೆಗೆದಳು. ಗ್ಯಾಲರಿಯಲ್ಲಿ ನಾವು ಐವರು ಬಿದ್ದು ಬಿದ್ದು ನಕ್ಕೆವು. ಕೆಳಗಿನವರು ಕತ್ತೆತ್ತಿ ಶ್ಶ್ ಎಂದರು. ಹನ್ನೆರಡನೇ ಮೆಟ್ಟಿಲಿಗೆ ಬೂಟು ಕುಟ್ಟಲು ಶುರುಮಾಡಿದರು. ಜಾಕಿ ಮಹಡಿ ಮುಟ್ಟುವ ಹೊತ್ತಿಗೆ ಅರ್ಧ ಜನ ಬಸ್ ಹಿಡಿದಾಗಿತ್ತು. ಶುಕ್ರವಾರ ರೀಲು ಡಬ್ಬಿ ಸೇರಿತು. ಪರ್ಸಿ ಕಂಪನಿಗೇ ಹೋಗಿ ಕೇಳಿದ. ಬೇರೆ ಪಿಕ್ಚರ್ ಇಲ್ಲವೆಂದು ಬಾಗಿಲಲ್ಲೇ ಹೇಳಿ ಕಳಿಸಿದರು.

ಶನಿವಾರ ನಾವಿಬ್ಬರೂ ಇದ್ದ ವಠಾರದಲ್ಲಿ ಎಥೆಲ್ ಬಕೆಟ್ ತುಂಬುತ್ತಿದ್ದಳು. ಪರ್ಸಿ ಅವಳ ಎದುರಿಗೆ ಬಂದು ನಿಂತ.

“ಗ್ಯಾಲರೀಲಿ ನಕ್ಕವ್ರು ನೀವೇ ಅಲ್ವಾ? ಅದು ಅಳೋ ಸೀನು ಕಣೇ! ನಗೋಕೇನಿತ್ತು ಅದ್ರಲ್ಲಿ?”

ಎಥೆಲ್ ಬ್ರಷ್ಷನ್ನು ಅವನ ಕೈಗಿಟ್ಟಳು. “ಉಜ್ಜು.”

“ನಾನಾ?”

“ಇಪ್ಪತ್ತೆರಡು ಮೆಟ್ಲು ಉಜ್ಜಿದ ಕಲಾವಿದ. ಉಜ್ಜಪ್ಪಾ.”

ಕೆಳಗಿನ ಮೆಟ್ಟಿಲಿಗೇ ಮಂಡಿಯೂರಿದ. ಅವಳು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ನಾಲ್ಕನೆಯದು ಮುಗಿಸಿ ಬೆವರೊರೆಸಿಕೊಳ್ಳಲು ಹಿಂದೆ ತಿರುಗಿದ. ಮೂರು ಮೆಟ್ಟಿಲ ಮೇಲೂ ಕಪ್ಪು ನೀರು ನಿಧಾನವಾಗಿ ಇಳಿಯುತ್ತಿತ್ತು. ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೆಂಡತಿಯ ಮೊಣಕಾಲುಗಳನ್ನು ನೋಡಿದ. ಬಕೆಟ್ ಎತ್ತಿಕೊಂಡು ಎಲ್ಲಕ್ಕೂ ಮೇಲಿನ ಮೂರನೇ ಮಹಡಿಗೆ ಹತ್ತಿದ.

ಎಥೆಲ್ ಅಂಗಳದಲ್ಲಿ ಕಾಲು ಚಾಚಿ ಕೂತು ಚಹಾ ಕುಡಿದಳು. ಸೊಂಟ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯುತ್ತಿದ್ದ ಗಂಡನಿಗೆ ಕೆಳಗಿನಿಂದಲೇ ಕೂಗಿದಳು: “ಮೂಲೆ ಬಿಟ್ಟೆ ನೋಡು, ಜಾಕಿ!”

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಚಿತ್ರಮಂದಿರಕ್ಕೆ ಅವಳ ಬದಲು ಬಂದವನು ಅವನೇ, ಅವಳ ಏಪ್ರನ್ ಕಟ್ಟಿಕೊಂಡು. ಪರದೆಯ ಮೇಲೆ ಯಾವನೋ ಒಬ್ಬ ದೋಣಿಯಿಂದ ಬೀಳುತ್ತಿದ್ದ. ನಾವ್ಯಾರೂ ತಲೆಯೆತ್ತಲಿಲ್ಲ. ಪರ್ಸಿ ಮಾತ್ರ ಬ್ರಷ್ ಹಿಡಿದು ನಿಂತು ಕೊನೆಯವರೆಗೂ ನೋಡಿ, “ಬೀಳೋಕೂ ಬರಲ್ಲ ಇವ್ನಿಗೆ,” ಎಂದು, ಬಾಲ್ಕನಿಯ ಎಲ್ಲಕ್ಕೂ ಮೇಲಿನ ಮೆಟ್ಟಿಲಿಗೆ ಹೋದ.